ಕರುಳಿನ ಅಂಟಿಕೆಯೂ ಕರಗುವ ಲೋಳೆಯೂ

ಈ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ವಾಡಿಕೆಯಂತೆ ಷಟ್ಪದಿಯನ್ನೋ ಸಮಾಸಪ್ರಕರಣವನ್ನೋ ಕುರಿತು ನಾನು ಬರೆದುಕೊಟ್ಟೇನೆಂದು ಅವರು ಎಣಿಸಿದ್ದಿರಬೇಕು. ಹಳಗನ್ನಡವನ್ನು ಪಾಠ ಹೇಳುತ್ತ ಮೂವತ್ತು ವರ್ಷ ಕಳೆದವನು ಕರುಳು, ಪೊರೆ, ಲೋಳೆಗಳ ಗೊಡವೆಗೆ ಹೋದನೆಂದು ವಿಜ್ಞಾನ ವಿಭಾಗದ ಮಿತ್ರರು ನಕ್ಕರೆ ನಗಲಿ. ಈ ವಿಷಯವು ನನ್ನನ್ನು ಹುಡುಕಿಕೊಂಡು ಬಂದಿತೇ ಹೊರತು ನಾನಾಗಿ ಅದನ್ನು ಹುಡುಕಿಕೊಂಡು ಹೋದುದಲ್ಲ.

ನನ್ನ ಅಕ್ಕನಿಗೆ ಹನ್ನೊಂದು ವರ್ಷಗಳ ಹಿಂದೆ ಗರ್ಭಕೋಶವನ್ನು ತೆಗೆಯುವ ಶಸ್ತ್ರಕ್ರಿಯೆ ನಡೆದಿತ್ತು. ಹೊರಗಿನ ಗಾಯ ಒಂದೇ ತಿಂಗಳಿನಲ್ಲಿ ಮಾದು ಗೆರೆಯಾಯಿತು. ಎಲ್ಲವೂ ಸರಿಹೋಯಿತೆಂದು ನಾವೆಲ್ಲ ಮರೆತೆವು. ಕೆಲವು ವರ್ಷಗಳಾದ ಮೇಲೆ ಆಗಾಗ ಹೊಟ್ಟೆ ಹಿಂಡಿದಂತಾಗುವುದು, ಉಬ್ಬರಿಸುವುದು, ವಾಂತಿಯಾದರೆ ತುಸು ಹಗುರಾಗುವುದು ಮೊದಲಾಯಿತು. ಮನೆಯವರು ವಾಯುವೆಂದರು. ತೋರಿಸಿದ ದವಾಖಾನೆಯಲ್ಲಿಯೂ ವಾಯುವೆಂದೇ ಹೇಳಿ ಗುಳಿಗೆ ಕೊಟ್ಟರು. ಹೀಗೆ ಎರಡು ವರ್ಷ ಸಂದವು. ಹೋದ ವರ್ಷ ಸೋದರಮಾವನ ಮೊಮ್ಮಗಳ ಮದುವೆಯಲ್ಲಿ ಹೋಳಿಗೆಯ ಊಟವಾದ ರಾತ್ರಿ ನೋವು ಕೆರಳಿತು. ಹೊಟ್ಟೆ ನಗಾರಿಯಂತೆ ಬಿಗಿಯಿತು, ಹಸಿರು ವಾಂತಿಯಾಯಿತು, ಮಲವೂ ಇಲ್ಲ, ಅಪಾನವಾಯುವೂ ಇಲ್ಲ. ಹೋಳಿಗೆಯ ದೋಷವೆಂದು ಓಮದ ನೀರು ಕುಡಿಸಿ ಬೆಳಗಿನವರೆಗೆ ಕಾದೆವು. ಕಾಯಬಾರದಾಗಿತ್ತು.

ನಮ್ಮ ಶಾಲೆಯಲ್ಲಿಯೇ ಓದಿ ಈಗ ಶಸ್ತ್ರವೈದ್ಯನಾಗಿರುವ ಶಿಷ್ಯನೊಬ್ಬನು ಚಿತ್ರಗಳನ್ನು ತೆಗೆಸಿ ನೋಡಿ, “ಗುರುಗಳೇ, ಇದು ಹಳೆಯ ಆಪರೇಷನ್ನಿನ ಅಡ್ಹೀಷನ್. ಒಳಗೆ ಕರುಳು ಅಂಟಿಕೊಂಡಿದೆ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕೋ ತಾವೇ ಹೇಳಬೇಕು” ಎಂದನು. ಆ ಗಳಿಗೆಯಲ್ಲಿಯೂ ಪಂಡಿತಬುದ್ಧಿ ನನ್ನನ್ನು ಬಿಡಲಿಲ್ಲ. ‘ಅಂಟು’ ಎಂದೆನು. ಮಂಚದ ಮೇಲಿದ್ದ ಅಕ್ಕ ಅದನ್ನು ಕೇಳಿಸಿಕೊಂಡು, “ಅಂಟುಜಾಡ್ಯವೇನೋ ತಮ್ಮಾ? ಮೊಮ್ಮಕ್ಕಳನ್ನು ಹತ್ತಿರ ಬಿಡಬೇಡ” ಎಂದು ಕಣ್ಣೀರು ತೆಗೆದಳು. ಒಂದು ಶಬ್ದವನ್ನು ಎಚ್ಚರವಿಲ್ಲದೆ ಆಡಿದರೆ ಏನಾಗುವುದೆಂಬುದಕ್ಕೆ ತರಗತಿಯಲ್ಲಿ ನೂರು ನಿದರ್ಶನ ಕೊಟ್ಟವನು ನಾನೇ. ಆದುದರಿಂದ ಈ ಲೇಖನದಲ್ಲಿ ‘ಅಂಟಿಕೆ’ ಎಂಬ ಮಾತನ್ನೇ ಬಳಸುತ್ತೇನೆ. ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ ಇದು. ಒಬ್ಬರದೇ ಉದರದಲ್ಲಿ, ಬೇರೆ ಬೇರೆಯಾಗಿ ಇರಬೇಕಾದ ಎರಡು ಮೈಗಳು ಕೂಡಿಕೊಂಡುಬಿಡುವ ಸ್ಥಿತಿ. ಅಕ್ಕ ಮನೆಗೆ ಬಂದ ಮೇಲೆ ನಾನು ಶಿಷ್ಯನ ಬಳಿ ಕುಳಿತು ತಿಳಿದುಕೊಂಡುದನ್ನೂ ಅವನು ಕೊಟ್ಟ ಗ್ರಂಥಗಳಿಂದ ಓದಿಕೊಂಡುದನ್ನೂ ಇಲ್ಲಿ ನಿವೇದಿಸುತ್ತಿದ್ದೇನೆ.

ಉದರದ ಒಳಗೋಡೆಯನ್ನೂ, ಜಠರ, ಕರುಳು, ಯಕೃತ್ತು ಮೊದಲಾದ ಅವಯವಗಳ ಹೊರಮೈಯನ್ನೂ ಒಂದು ತೆಳುವಾದ ನುಣುಪು ಪೊರೆ ಹೊದೆದಿರುತ್ತದೆ. ವೈದ್ಯರು ಇದನ್ನು ಪೆರಿಟೋನಿಯಮ್ ಎನ್ನುವರು. ಸುತ್ತಲೂ ಬಿಗಿದುದು ಎಂಬುದು ಆ ಗ್ರೀಕ್ ಮಾತಿನ ಅರ್ಥ. ನಾವು ಉದರಪೊರೆ ಎನ್ನೋಣ. ಇದರ ಮೇಲ್ಮೈಯಲ್ಲಿರುವುದು ಒಂದೇ ಒಂದು ಜೀವಕೋಶದಷ್ಟು ದಪ್ಪದ ಹಾಸು. ಆದರೆ ಮಡಿಕೆಗಳನ್ನೆಲ್ಲ ಬಿಡಿಸಿ ಹರಡಿದರೆ ಅದರ ವಿಸ್ತಾರ ಹೆಚ್ಚುಕಡಿಮೆ ಮೈಚರ್ಮದಷ್ಟೇ ಆಗುವುದಂತೆ. ತೆಳುವಾದ ಸ್ನಿಗ್ಧದ್ರವವೊಂದು ಅದನ್ನು ಸದಾ ತೇವವಾಗಿಡುತ್ತದೆ. ಸುಮಾರು 6 ಮೀಟರ್ ಉದ್ದದ ಸಣ್ಣಕರುಳು ಅಷ್ಟು ಇಕ್ಕಟ್ಟಿನಲ್ಲಿ ಸುರುಳಿಸುತ್ತಿಕೊಂಡಿದ್ದರೂ, ಹಗಲಿರುಳು ಹೊರಳುತ್ತ ಜಾರುತ್ತ ಇದ್ದರೂ, ಎಲ್ಲಿಯೂ ಸಿಕ್ಕುಬೀಳದಿರುವುದು ಈ ನುಣುಪಿನ ಪುಣ್ಯದಿಂದ.

ಈ ಪೊರೆಗೆ ಗಾಯವಾದರೆ ಅದು ಮಾಯುವ ಬಗೆಯೇ ಬೇರೆ. ಚರ್ಮದ ಗಾಯವು ಅಂಚಿನಿಂದ ನಡುವಿನ ಕಡೆಗೆ ಮಾಯುತ್ತ ಬರುವುದರಿಂದ ದೊಡ್ಡ ಗಾಯಕ್ಕೆ ಹೆಚ್ಚು ದಿನ ಬೇಕು, ಚಿಕ್ಕದಕ್ಕೆ ಕಡಿಮೆ ದಿನ ಸಾಕು. ಉದರಪೊರೆಯಾದರೋ ಗಾಯದ ಎಲ್ಲ ಭಾಗದಲ್ಲಿಯೂ ಏಕಕಾಲದಲ್ಲಿ ಹೊಸ ಕೋಶಗಳನ್ನು ಹಾಸಿಕೊಳ್ಳುತ್ತದೆ. ಆದುದರಿಂದ ಅಂಗೈಯಗಲದ ಗಾಯವೂ ಬೆರಳುಗುರಿನಷ್ಟರ ಗಾಯವೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಮುಚ್ಚುತ್ತವೆ. ಈ ‘ಒಂದು ವಾರ’ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲ ಅದರ ಮೇಲೆಯೇ ನಿಂತಿದೆ.

ಕತ್ತಿಯ ಬಾಯಿ, ವಿದ್ಯುತ್ ಸೂಜಿಯ ಕಾವು, ಬಟ್ಟೆಯ ಉಜ್ಜು, ದೀಪದ ಬಿಸಿಗೆ ಒಣಗುವುದು, ನಿಂತ ರಕ್ತ, ಸೋಂಕು—ಇವುಗಳಲ್ಲಿ ಯಾವುದರಿಂದ ಪೊರೆ ಘಾಸಿಗೊಂಡರೂ ಅಲ್ಲಿ ಅಂಟಾದ ರಸವೊಂದು ಒಸರುತ್ತದೆ. ಕೆಲವೇ ಗಂಟೆಗಳಲ್ಲಿ ಅದು ಫೈಬ್ರಿನ್ ಎಂಬ ನಾರಿನ ಬಲೆಯಾಗಿ ಹೆಪ್ಪುಗಟ್ಟುತ್ತದೆ. ರಕ್ತ ಹೆಪ್ಪುಗಟ್ಟುವಾಗ ಆಗುವುದೂ ಇದೇ. ಎದುರುಬದುರಾದ ಎರಡು ಮೈಗಳಿಗೆ ಗಾಯವಾಗಿದ್ದರೆ ಬಲೆ ಅವೆರಡನ್ನೂ ಹಿಡಿದುಕೊಳ್ಳುತ್ತದೆ. ಇದರಲ್ಲಿ ದೋಷವಿಲ್ಲ; ದೇಹವು ಗಾಯಕ್ಕೆ ಹಾಕುವ ಮೊದಲ ಪಟ್ಟಿ ಅದು. ಪೊರೆಯ ಕೋಶಗಳು ಆರೋಗ್ಯವಾಗಿದ್ದರೆ ಪ್ಲಾಸ್ಮಿನ್ ಎಂಬ ದ್ರವ್ಯವನ್ನು ಎಚ್ಚರಿಸಿ ಎರಡು ಮೂರು ದಿನಗಳಲ್ಲಿ ಆ ಬಲೆಯನ್ನು ಕರಗಿಸಿಬಿಡುತ್ತವೆ. ಶಸ್ತ್ರಕ್ರಿಯೆಯಲ್ಲಿ ನಲುಗಿದ ಕೋಶಗಳಿಗೆ ಈ ಶಕ್ತಿಯೇ ಕುಂದಿರುತ್ತದೆ. ಬಲೆ ಕರಗದೆ ಉಳಿದರೆ ನಾರುಕೋಶಗಳು ಅದರೊಳಗೆ ಹೊಕ್ಕು ಕೊಲಾಜನ್ ಎಂಬ ಗಟ್ಟಿನಾರನ್ನು ನೇಯತೊಡಗುತ್ತವೆ. ರಕ್ತನಾಳ ಬೆಳೆಯುತ್ತದೆ, ನರವೂ ಹೊಕ್ಕುತ್ತದೆ. ಸಡಿಲವಾಗಿ ಅಂಟಿದ್ದುದು ಹುರಿಗಟ್ಟಿದ ಹಗ್ಗವಾಗುತ್ತದೆ. ಆ ಹಗ್ಗದ ಕೆಳಗೆ ಒಂದು ದಿನ ಕರುಳಿನ ಸುರುಳಿ ನುಸುಳಿ ಮಡಿಚಿಕೊಂಡರೆ ನನ್ನ ಅಕ್ಕನಿಗೆ ಆದುದು ಆಗುತ್ತದೆ. ಹೆಣ್ಣುಮಕ್ಕಳಲ್ಲಿ ಅಂಡನಾಳಗಳು ಹೀಗೆ ಅಂಟಿಕೊಂಡು ಬಸಿರು ನಿಲ್ಲದಿರುವುದೂ ಉಂಟು.

ಇದು ಅಪರೂಪದ ಸಂಗತಿಯೇ ಎಂದರೆ, ಅಲ್ಲ. ಇಂಗ್ಲೆಂಡಿನ ಮೆನ್ಜಿಸ್ ಮತ್ತು ಹೆರಾಲ್ಡ್ ಎಲ್ಲಿಸ್ ಎಂಬ ಶಸ್ತ್ರವೈದ್ಯರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ಉದರ ಶಸ್ತ್ರಕ್ರಿಯೆಯಾಗಿದ್ದ 210 ಮಂದಿಯಲ್ಲಿ ನೂರಕ್ಕೆ 93 ಮಂದಿಗೆ ಅಂಟಿಕೆಗಳಿದ್ದುದು ಕಂಡುಬಂದಿತು. ಎಂದೂ ಶಸ್ತ್ರ ಮುಟ್ಟದವರಲ್ಲಿ ಅದು ನೂರಕ್ಕೆ ಹತ್ತರಷ್ಟು ಮಾತ್ರ. ಅಂಟಿಕೆಯುಳ್ಳವರೆಲ್ಲರೂ ನರಳುವರೆಂದಲ್ಲ, ಬಹುಮಂದಿಗೆ ಅದು ಇರುವುದೇ ತಿಳಿಯದು. ಸ್ಕಾಟ್ಲೆಂಡಿನಲ್ಲಿ 29,790 ಮಂದಿಯ ದಾಖಲೆಗಳನ್ನು ಹತ್ತು ವರ್ಷ ಹಿಂಬಾಲಿಸಿ 1999ರಲ್ಲಿ ಎಲ್ಲಿಸರೂ ಸಂಗಡಿಗರೂ ಹೊರತಂದ ವರದಿ ಇನ್ನೂ ಎಚ್ಚರದ್ದು. ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮಂದಿ, ಅಂಟಿಕೆಗೆ ಸಂಬಂಧಿಸಿರಬಹುದಾದ ಕಾಯಿಲೆಗೋ ಅಂಟಿಕೆಯಿಂದ ತೊಡಕಾಗಬಹುದಾದ ಮರುಶಸ್ತ್ರಕ್ರಿಯೆಗೋ ಸರಾಸರಿ ಎರಡು ಬಾರಿ ಆಸ್ಪತ್ರೆಗೆ ಮರಳಿದ್ದರು. ಆ ಮರಳಿಕೆಗಳಲ್ಲಿ ಅಂಟಿಕೆಯೇ ನೇರ ಕಾರಣವೆಂದು ಗುರುತಿಸಲಾದವು ನೂರಕ್ಕೆ 5.7. ನನ್ನ ಮನಸ್ಸನ್ನು ಹಿಡಿದ ಸಂಗತಿ ಮತ್ತೊಂದು: ಮರಳಿಕೆಗಳಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ಮೊದಲ ವರ್ಷದಲ್ಲಿ ಆದುವು, ಉಳಿದವು ಹತ್ತು ವರ್ಷಗಳುದ್ದಕ್ಕೂ ನಡೆಯುತ್ತಲೇ ಇದ್ದುವು. ಹೊರಗಿನ ಗಾಯ ಮಾದ ಮಾತ್ರಕ್ಕೆ ಒಳಗಿನ ಕಥೆ ಮುಗಿಯಿತೆಂದು ತಿಳಿದವರಲ್ಲಿ ನಾವೊಬ್ಬರೇ ಅಲ್ಲ.

ಹಾಗಾದರೆ ತಡೆಯುವ ಬಗೆ ಏನು? ಮೊದಲನೆಯದು ಕೈಯ ಸೌಮ್ಯತೆ. ಅಮೆರಿಕದ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ಒಂದು ಶತಮಾನಕ್ಕೂ ಹಿಂದೆ ಕಲಿಸಿದ್ದು ಇದನ್ನೇ: ಅಂಗಾಂಶವನ್ನು ಮೃದುವಾಗಿ ಮುಟ್ಟು, ರಕ್ತವನ್ನು ಪೂರ್ಣವಾಗಿ ನಿಲ್ಲಿಸು. ಹರಿದ ಪೊರೆಯನ್ನು ಎಳೆದು ಬಿಗಿಯಾಗಿ ಹೊಲಿದರೆ ಒಳ್ಳೆಯದೆಂದು ವೈದ್ಯರು ಬಹುಕಾಲ ನಂಬಿದ್ದರು. ಹಾಗೆ ಹೊಲಿದಾಗ ರಕ್ತಸಂಚಾರ ಕುಂದಿದ ಜಾಗವೇ ಅಂಟಿಕೆಯನ್ನು ಬರಮಾಡಿಕೊಳ್ಳುತ್ತದೆಂದು ಎಲ್ಲಿಸರು 1962ರಲ್ಲಿ ತೋರಿಸಿದರು. ಕೈಗವಸಿನ ಪುಡಿಯ ಕಥೆಯೂ ಇಂತಹುದೇ. ಕೈಗವಸು ಸರಾಗವಾಗಿ ಏರಲೆಂದು ಹಚ್ಚುತ್ತಿದ್ದ ಪುಡಿ ಉದರದೊಳಗೆ ಉದುರಿ ಅಲ್ಲಿ ಗಂಟುಗಳಿಗೂ ಅಂಟಿಕೆಗಳಿಗೂ ಕಾರಣವಾಗುತ್ತದೆಂದು ದಶಕಗಳ ಕಾಲ ವಾದ ನಡೆದು, ಕಡೆಗೆ 2017ರ ಜನವರಿಯಲ್ಲಿ ಅಮೆರಿಕದ ಸರ್ಕಾರ ಅಂತಹ ಕೈಗವಸುಗಳನ್ನು ನಿಷೇಧಿಸಿತು. ಚಿಕ್ಕ ರಂಧ್ರಗಳಿಂದ ದರ್ಶಕ ನಳಿಕೆಯನ್ನು ತೂರಿಸಿ ಮಾಡುವ ಈಚಿನ ಕ್ರಮದಿಂದ ಅಂಟಿಕೆಗಳು ಕಡಿಮೆಯಾಗಿವೆ; ಇಲ್ಲವಾಗಿಲ್ಲ.

ಎರಡನೆಯದು, ನಡುವೆ ಏನನ್ನಾದರೂ ಇಡುವುದು. ಎರಡು ಗಾಯದ ಮೈಗಳು ಒಂದನ್ನೊಂದು ಮುಟ್ಟದಂತೆ ಒಂದು ವಾರ ತಡೆದರೆ ಸಾಕಲ್ಲವೇ? ಯುಕ್ತಿ ಸರಳ, ಸಾಧನೆ ಕಠಿಣ. ಉಪ್ಪುನೀರನ್ನು ತುಂಬಿ ಕರುಳನ್ನು ತೇಲಿಸಿಟ್ಟು ನೋಡಿದರು. ಪೊರೆ ಅದನ್ನು ಒಂದು ದಿನದೊಳಗೆ ಹೀರಿಕೊಂಡಿತು. ಎಣ್ಣೆಗಳನ್ನು ಸುರಿದರು, ಪ್ರಾಣಿಗಳ ಪೊರೆಯನ್ನು ಹೊದಿಸಿದರು. ಬೇಗ ಹೋಗುವ ವಸ್ತು ಕೆಲಸಕ್ಕೆ ಬಾರದು. ಹೋಗದೆ ಉಳಿಯುವ ವಸ್ತುವನ್ನು ದೇಹವು ಪರಕೀಯವೆಂದು ಬಗೆದು ಅದರ ಸುತ್ತಲೇ ಹೊಸ ನಾರನ್ನು ನೇಯುತ್ತದೆ. ಬೇಕಾಗಿದ್ದುದು ವಾರ ನಿಂತು, ತಾನಾಗಿ ಕರಗಿ, ಕುರುಹಿಲ್ಲದೆ ಹೋಗುವ ವಸ್ತು.

ಇಲ್ಲಿ ಲೋಳೆಯ ಪ್ರವೇಶ. ಕಾಮಕಸ್ತೂರಿಯ ಬೀಜವನ್ನು ನೀರಿನಲ್ಲಿ ನೆನೆಯಿಟ್ಟಾಗ ಪ್ರತಿಯೊಂದು ಬೀಜದ ಸುತ್ತಲೂ ಪಾರದರ್ಶಕವಾದ ತೊಗಲೊಂದು ಉಬ್ಬಿಕೊಳ್ಳುವುದನ್ನು ಬೇಸಿಗೆಯಲ್ಲಿ ಪಾನಕ ಮಾಡಿದವರೆಲ್ಲ ಬಲ್ಲರು. ಅದರಲ್ಲಿ ಬಹುಪಾಲು ನೀರೇ ಇದ್ದರೂ ಹರಿದುಹೋಗುವುದಿಲ್ಲ. ಉದ್ದುದ್ದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿ, ಆ ಬಲೆಯ ಕಣ್ಣುಗಳಲ್ಲಿ ನೀರನ್ನು ಹಿಡಿದಿರುತ್ತವೆ. ವೈದ್ಯರು ಹೈಡ್ರೋಜೆಲ್ ಎನ್ನುವ ವಸ್ತುವಿನ ಗುಟ್ಟು ಇಷ್ಟೇ. ಹೆಣಿಗೆಯನ್ನು ಬಿಗಿಮಾಡಿದರೆ ಲೋಳೆ ಹೆಚ್ಚು ದಿನ ನಿಲ್ಲುತ್ತದೆ, ಸಡಿಲಿಸಿದರೆ ಬೇಗ ಕರಗುತ್ತದೆ. ಆಯಸ್ಸನ್ನು ಹೀಗೆ ಮೊದಲೇ ಅಳೆದು ಇಡಬಹುದಾದುದೇ ಅದರ ವಿಶೇಷ.

ಯಾವ ಅಣುವಿನಿಂದ ಲೋಳೆ ಮಾಡಬೇಕೆಂಬುದಕ್ಕೆ ಉತ್ತರ ದೇಹದಲ್ಲಿಯೇ ಇತ್ತು. 1934ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬವರು ದನದ ಕಣ್ಣಿನೊಳಗಿನ ಲೋಳೆಯಿಂದ ಒಂದು ಸಕ್ಕರೆಯ ಸರಪಳಿಯನ್ನು ಬೇರ್ಪಡಿಸಿ ಅದಕ್ಕೆ ಹಯಲುರಾನಿಕ್ ಆಮ್ಲವೆಂದು ಹೆಸರಿಟ್ಟರು. ಎರಡು ಬಗೆಯ ಸಕ್ಕರೆಯ ಮಣಿಗಳನ್ನು ಒಂದಾದ ಮೇಲೊಂದರಂತೆ ಸಾವಿರಾರು ಸಲ ಪೋಣಿಸಿದ ಮಾಲೆ ಅದು. ಕೀಲುಗಳ ಜಾರುದ್ರವದಲ್ಲಿ, ಚರ್ಮದಲ್ಲಿ ಎಲ್ಲೆಡೆಯೂ ಅದಿದೆ. ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 15 ಗ್ರಾಂ ಇರುವುದೆಂದೂ ಅದರ ಮೂರನೆಯ ಒಂದು ಪಾಲು ದಿನವೂ ಕರಗಿ ಹೊಸದಾಗಿ ಹುಟ್ಟುವುದೆಂದೂ ಲೆಕ್ಕವಿದೆ. ದೇಹಕ್ಕೆ ಇಷ್ಟು ಪರಿಚಿತವಾದುದನ್ನು ದೇಹವು ಹೊರಗಿನದೆಂದು ಬಗೆಯದು. ಆದರೆ ಅದೇ ಅದರ ದೌರ್ಬಲ್ಯವೂ ಹೌದು: ಹಾಗೆಯೇ ಹಚ್ಚಿದರೆ ವಾರ ನಿಲ್ಲುವುದಿಲ್ಲ. ಆದುದರಿಂದ ಅದನ್ನು ಮಾರ್ಪಡಿಸಿ, ಸಸ್ಯದ ನಾರಿನಿಂದ ಮಾಡಿದ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಎಂಬುದರೊಡನೆ ಸೇರಿಸಿ ತೆಳುಹಾಳೆಯನ್ನಾಗಿ ಮಾಡಿದರು. ಸೆಪ್ರಾಫಿಲ್ಮ್ ಎಂಬ ಈ ಹಾಳೆಗೆ 1996ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಹೊಟ್ಟೆಯನ್ನು ಮುಚ್ಚುವ ಮುನ್ನ ಕರುಳಿನ ಮೇಲೆ ಹಾಸಿದರೆ ಒಂದೆರಡು ದಿನಗಳಲ್ಲಿ ಅದು ನೀರುಂಡು ಲೋಳೆಯಾಗುತ್ತದೆ. ಸುಮಾರು 7 ದಿನ ನಿಲ್ಲುತ್ತದೆ. 28 ದಿನಗಳೊಳಗೆ ದೇಹದಿಂದ ಹೊರಟುಹೋಗುತ್ತದೆ.

ಇದರ ಪರೀಕ್ಷೆ ನಡೆದ ಬಗೆ ಮೆಚ್ಚತಕ್ಕದ್ದು. ಅಂಟಿಕೆ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಹೊಟ್ಟೆಯೊಳಗೆ ಮತ್ತೆ ನೋಡಬೇಕಷ್ಟೆ; ಅದಕ್ಕಾಗಿಯೇ ಯಾರ ಹೊಟ್ಟೆಯನ್ನಾದರೂ ಕೊಯ್ಯಲಾದೀತೇ? ದೊಡ್ಡಕರುಳನ್ನು ತೆಗೆಯುವ ಒಂದು ಚಿಕಿತ್ಸೆಯಲ್ಲಿ ಕೆಲವು ವಾರಗಳ ಅನಂತರ ಎರಡನೆಯ ಶಸ್ತ್ರಕ್ರಿಯೆ ಹೇಗೂ ನಡೆಯಲೇಬೇಕು. ಅಂತಹ ರೋಗಿಗಳನ್ನೇ ಆರಿಸಿಕೊಂಡು, ಕೆಲವರಿಗೆ ಹಾಳೆ ಹಾಸಿ ಕೆಲವರಿಗೆ ಹಾಸದೆ, ಎರಡನೆಯ ಸಲ ದರ್ಶಕದಿಂದ ನೋಡಿದರು. ಹಾಳೆಯಿಲ್ಲದವರಲ್ಲಿ ಅಂಟಿಕೆಯೇ ಇಲ್ಲದವರು ನೂರಕ್ಕೆ 6. ಹಾಳೆ ಹಾಸಿದವರಲ್ಲಿ 51. 1996ರಲ್ಲಿ ಪ್ರಕಟವಾದ ಈ ಫಲವನ್ನು ಓದಿದವನಿಗೆ ರೋಗವೇ ಗೆದ್ದಂತೆ ತೋರಬೇಕು.

ಆದರೆ ಅಂಟಿಕೆ ಕಡಿಮೆಯಾಗುವುದು ಬೇರೆ, ರೋಗಿಯ ಸಂಕಟ ಕಡಿಮೆಯಾಗುವುದು ಬೇರೆ. 2006ರಲ್ಲಿ ಪ್ರಕಟವಾದ, ಸುಮಾರು 1,800 ಮಂದಿಯ ಪರೀಕ್ಷೆಯಲ್ಲಿ ಕರುಳು ಕಟ್ಟುವ ಪ್ರಮಾಣ ಒಟ್ಟಾರೆಯಾಗಿ ಎರಡು ಗುಂಪುಗಳಲ್ಲಿಯೂ ಭೇದವಿಲ್ಲದೆ ಇತ್ತು. ಅಂಟಿಕೆಯಿಂದ ಕರುಳು ಕಟ್ಟಿ ಮತ್ತೆ ಶಸ್ತ್ರಕ್ರಿಯೆಯೇ ಬೇಕಾದವರು ಮಾತ್ರ ನೂರಕ್ಕೆ 3.4ರಿಂದ 1.8ಕ್ಕೆ ಇಳಿದಿದ್ದರು. ಸಂಖ್ಯೆ ಚಿಕ್ಕದು. ಅಕ್ಕನ ಪಕ್ಕದಲ್ಲಿ ಎರಡು ರಾತ್ರಿ ಕುಳಿತವನಿಗೆ ಅದು ಚಿಕ್ಕದಾಗಿ ತೋರುವುದಿಲ್ಲ.

ಹಾಳೆ ಒದ್ದೆಯಾದೊಡನೆ ಕೈಗಂಟುವುದು, ಕಿರುರಂಧ್ರದೊಳಗೆ ತೂರಿಸುವುದು ಕಷ್ಟ. ಆದುದರಿಂದ ಸಿಂಪಡಿಸುವ ಲೋಳೆಗಳು ಬಂದುವು. ಪಾಲಿಎಥಿಲೀನ್ ಗ್ಲೈಕಾಲ್ ಎಂಬುದರ ಎರಡು ದ್ರವಗಳನ್ನು ಎರಡು ನಳಿಕೆಗಳಿಂದ ಒಟ್ಟಿಗೆ ಚಿಮ್ಮಿಸಿದರೆ ಅವು ಪೊರೆಯ ಮೇಲೆ ಕೂಡಿ ಕ್ಷಣಮಾತ್ರದಲ್ಲಿ ಲೋಳೆಗಟ್ಟುತ್ತವೆ. ಎಲ್ಲಿ ಬಿದ್ದಿದೆ ಎಲ್ಲಿ ಬಿದ್ದಿಲ್ಲವೆಂದು ಕಾಣಲೆಂದು ಒಂದಕ್ಕೆ ನೀಲಿಬಣ್ಣ ಬೆರೆಸಿದುದು ಯಾರ ಬುದ್ಧಿಯೋ, ಸೊಗಸಾದ ಬುದ್ಧಿ. ವಾರದ ಹೊತ್ತಿಗೆ ಹೆಣಿಗೆ ಬಿಚ್ಚಿ ಮೂತ್ರದಲ್ಲಿ ಹೋಗುತ್ತದೆ. ಲೋಳೆಯಲ್ಲದಿದ್ದರೂ ಇದೇ ವರ್ಗಕ್ಕೆ ಸೇರಿದುದು ಐಕೋಡೆಕ್ಸ್‌ಟ್ರಿನ್ ಎಂಬ ಪಿಷ್ಟಜನ್ಯ ದ್ರವ. ಉಪ್ಪುನೀರಿಗಿಂತ ನಿಧಾನವಾಗಿ ಹೀರಲ್ಪಡುವುದರಿಂದ ಕರುಳನ್ನು ಕೆಲವು ದಿನ ತೇಲಿಸಿಡುತ್ತದೆ. ಇದಕ್ಕೆ ಅಮೆರಿಕದಲ್ಲಿ 2006ರಲ್ಲಿ ಮಾನ್ಯತೆ ದೊರೆಯಿತು.

ಹೆಣಿಗೆ ತಪ್ಪಿದರೆ ಏನಾಗುವುದೆಂಬುದಕ್ಕೂ ಉದಾಹರಣೆಯಿದೆ. ಹಯಲುರಾನಿಕ್ ಆಮ್ಲದ ಮಾಲೆಗಳನ್ನು ಕಬ್ಬಿಣದ ಅಯಾನುಗಳಿಂದ ಹೆಣೆದ ಇಂಟರ್‌ಜೆಲ್ ಎಂಬ ಲೋಳೆಗೆ 2001ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿತು. ಶಸ್ತ್ರಕ್ರಿಯೆಯ ಅನಂತರ ತಡವಾಗಿ ಕಾಣಿಸಿಕೊಳ್ಳುವ ನೋವು, ಪರವಸ್ತುವಿನ ವಿರುದ್ಧ ದೇಹದ ಕೆರಳಿಕೆ, ಕಡೆಗೆ ಅಂಗಾಂಶಗಳು ಅಂಟಿಕೊಳ್ಳುವುದು ಕೂಡ ವರದಿಯಾಗಿ, 2003ರಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಅಂಟದಂತೆ ಮಾಡಲು ಇಟ್ಟುದೇ ಅಂಟಿಗೆ ಕಾರಣವಾದ ಈ ಪ್ರಸಂಗವನ್ನು, ‘ಸಹಜ’ವೆಂಬ ಒಂದು ಮಾತಿನಿಂದಲೇ ಎಲ್ಲವೂ ನಿರಪಾಯವೆಂದು ನಂಬುವವರು ಗಮನಿಸಬೇಕು.

ಮತ್ತೊಂದು ಅಪಾಯ ಇನ್ನೂ ಸೂಕ್ಷ್ಮವಾದುದು. ಅಂಟಿಕೊಳ್ಳುವುದು ಎಲ್ಲ ಕಡೆಯಲ್ಲಿಯೂ ಕೇಡಲ್ಲ. ಅಪೆಂಡಿಕ್ಸ್ ಕೊಳೆತು ತೂತಾಗುವಾಗ ವಪೆಯು ಬಂದು ಅದರ ಸುತ್ತ ಅಂಟಿಕೊಂಡು ವಿಷ ಹರಡದಂತೆ ತಡೆಯುವುದುಂಟು. ಈ ವಪೆಯೆಂದರೆ ಕರುಳಿನ ಮುಂದೆ ಜೋಲುವ ಕೊಬ್ಬಿನ ಪೊರೆ. ಯಜ್ಞಪ್ರಕರಣಗಳನ್ನು ಓದಿದವರಿಗೆ ಈ ಶಬ್ದದ ಪರಿಚಯವಿದ್ದೀತು. ಹಾಗೆಯೇ ಕತ್ತರಿಸಿ ಕೂಡಿಸಿದ ಕರುಳಿನ ಹೊಲಿಗೆಯ ಮೇಲೆ ನೆರೆಯ ಅಂಗಾಂಶ ಅಂಟಿಕೊಂಡರೆ ಅದು ಸೋರದಂತೆ ಕಾಪಾಡುತ್ತದೆ. ಹೊಸ ಹೊಲಿಗೆಗೆ ಸೆಪ್ರಾಫಿಲ್ಮ್ ಹಾಳೆಯನ್ನು ಸುತ್ತಿದವರಲ್ಲಿ ಸೋರಿಕೆ ಹೆಚ್ಚಾಯಿತೆಂದು 2003ರ ಅಧ್ಯಯನವೊಂದು ತೋರಿಸಿತು. ಎಲ್ಲಿ ಅಂಟಬಾರದು, ಎಲ್ಲಿ ಅಂಟಬೇಕು ಎಂಬ ವಿವೇಕ ಲೋಳೆಗಿಲ್ಲ. ಅದು ಶಸ್ತ್ರವೈದ್ಯನಿಗೇ ಇರಬೇಕು.

ಸಂಸ್ಕೃತ ಬಲ್ಲವರು ಇಷ್ಟು ಹೊತ್ತಿಗೆ ಸುಶ್ರುತನನ್ನು ನೆನೆದಿರುತ್ತಾರೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 14ನೆಯ ಅಧ್ಯಾಯದಲ್ಲಿ ಕರುಳು ಕಟ್ಟಿದ ರೋಗಿಯ ಹೊಟ್ಟೆಯನ್ನು ಹೊಕ್ಕುಳಿನ ಕೆಳಗೆ ಎಡಬದಿಯಲ್ಲಿ ಸೀಳಿ, ಕರುಳನ್ನು ಹೊರತೆಗೆದು ಪರೀಕ್ಷಿಸಿ, ತಡೆಯನ್ನು ನಿವಾರಿಸಿ, ಜೇನು ತುಪ್ಪಗಳನ್ನು ಸವರಿ, ಮತ್ತೆ ಸ್ವಸ್ಥಾನದಲ್ಲಿಟ್ಟು ಹೊಲಿಯಬೇಕೆಂಬ ವಿಧಿಯಿದೆ. ಕರುಳು ತೂತಾಗಿದ್ದರೆ ಕರಿಯ ಇರುವೆಗಳಿಂದ ಅದರ ಅಂಚುಗಳನ್ನು ಕಚ್ಚಿಸಿ, ತಲೆಗಳನ್ನು ಉಳಿಸಿ ಮೈಗಳನ್ನು ತೆಗೆದುಹಾಕಬೇಕೆಂದಿದೆ. ಒಳಗೆ ಇಟ್ಟುದನ್ನು ಮತ್ತೆ ತೆಗೆಯಬೇಕಾಗಿಲ್ಲದ ಹೊಲಿಗೆ ಅದು. ಯೂರೋಪಿನಲ್ಲಿ ಲಿಸ್ಟರ್ ಕುರಿಯ ಕರುಳಿನ ಕರಗುವ ದಾರವನ್ನು ಶುದ್ಧಗೊಳಿಸಿ ಬಳಕೆಗೆ ತಂದುದು 1860ರ ದಶಕದ ಕೊನೆಯಲ್ಲಿ. ಹಾಗೆಂದು ಹಯಲುರಾನಿಕ್ ಲೋಳೆಯನ್ನು ನಮ್ಮ ಹಿರಿಯರು ಆಗಲೇ ಕಂಡಿದ್ದರೆಂದು ಸಭೆಯಲ್ಲಿ ಗರ್ಜಿಸುವವರ ಗುಂಪಿಗೆ ನಾನು ಸೇರಲಾರೆ. ತುಪ್ಪ ಸವರಿದ್ದರಿಂದ ಅಂಟಿಕೆ ತಪ್ಪಿತೆಂದು ಆ ಗ್ರಂಥ ಹೇಳುವುದಿಲ್ಲ. ಹೊರತೆಗೆದ ಕರುಳನ್ನು ಒಣಗಿದಂತೆಯೇ ಒಳಗಿಡಬಾರದೆಂಬ ಎಚ್ಚರ ಅಲ್ಲಿದ್ದಂತೆ ನನಗೆ ತೋರುತ್ತದೆ. ಅಷ್ಟಕ್ಕೇ ಆ ಮಹಾನುಭಾವನಿಗೆ ಕೈಮುಗಿಯಬಹುದು.

ಅಕ್ಕನ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆನಲ್ಲವೇ. ಹಲವರಿಗೆ ಬಾಯಿಗೆ ಏನೂ ಕೊಡದೆ, ಮೂಗಿನಿಂದ ನಳಿಕೆ ಇಳಿಸಿ, ರಕ್ತನಾಳಕ್ಕೆ ದ್ರವ ಹನಿಸಿ ಕಾದರೆ ಕರುಳು ತಾನೇ ಬಿಡಿಸಿಕೊಳ್ಳುವುದಂತೆ. ಅವಳಿಗೆ ಹಾಗಾಗಲಿಲ್ಲ. ಎರಡನೆಯ ದಿನ ಶಸ್ತ್ರಕ್ರಿಯೆ ನಡೆಯಿತು. ಹಳೆಯ ಗಾಯದಿಂದ ಹುಟ್ಟಿ ಸಣ್ಣಕರುಳಿನ ಮೇಲೆ ಬಿಗಿದಿದ್ದ ಒಂದೇ ಹುರಿ ಇಷ್ಟಕ್ಕೆಲ್ಲ ಕಾರಣವಾಗಿತ್ತು. ಅದನ್ನು ಬಿಡಿಸುವಾಗ ಅಂಟಿದ್ದ ಜಾಗದಲ್ಲಿ ಕರುಳು ತುಸು ಹರಿಯಿತೆಂದೂ ಅದನ್ನು ಹೊಲಿಯಬೇಕಾಯಿತೆಂದೂ ಶಿಷ್ಯನು ಮುಚ್ಚಿಡದೆ ಹೇಳಿದನು. ಹಿಂದೆ ತೆರೆದ ಹೊಟ್ಟೆಯನ್ನು ಮರಳಿ ತೆರೆದ 270 ಪ್ರಸಂಗಗಳಲ್ಲಿ ನೂರಕ್ಕೆ 19ರಲ್ಲಿ ಹೀಗೆ ಕರುಳು ಹರಿದಿತ್ತೆಂದು 2000ದ ಅಧ್ಯಯನವೊಂದರಲ್ಲಿ ನಾನು ಆಮೇಲೆ ಓದಿದೆನು. “ಲೋಳೆ ಹಾಕಿದೆಯೇನಪ್ಪ?” ಎಂದು ಕೇಳಿದೆ. “ಇಲ್ಲ ಗುರುಗಳೇ. ಹೊಲಿಗೆ ಹಾಕಿದ ಕಡೆ ಅದು ಅಂಟಲೇಬೇಕು. ಅಲ್ಲಿ ಹಾಕುವುದು ತಪ್ಪಾಗುತ್ತಿತ್ತು” ಎಂದನು. ಮೂವತ್ತು ವರ್ಷಗಳ ಕೆಳಗೆ ಇದೇ ಹುಡುಗನಿಗೆ ಸಂಧಿ ಮಾಡಬಾರದ ಕಡೆ ಸಂಧಿ ಮಾಡಿದನೆಂದು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆನು.

ಹೊರಡುವ ದಿನ ಹಳೆಯ ಶಸ್ತ್ರಕ್ರಿಯೆಯ ಚೀಟಿ ಎಲ್ಲಿ ಎಂದು ಅವನು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆ ಬದಲಾಯಿಸುವಾಗ ಹಳೆಯ ಕಾಗದಗಳೊಡನೆ ಹೋಗಿತ್ತು. ಅದಿದ್ದಿದ್ದರೆ ವಾಯುವಿನ ಗುಳಿಗೆಗಳ ಎರಡು ವರ್ಷ ಉಳಿಯುತ್ತಿತ್ತೇನೋ. ಹೊಸ ಚೀಟಿಯಲ್ಲಿ ಏನನ್ನು ಬಿಡಿಸಿದರು, ಎಲ್ಲಿ ಹೊಲಿದರು, ಲೋಳೆ ಬಳಸಲಿಲ್ಲವೆಂಬುದೂ ಸಹ ಬರೆದಿದೆ. ಹೊಟ್ಟೆ ಹಿಂಡಿ ಉಬ್ಬರಿಸಿ, ವಾಂತಿಯಾಗಿ, ಅಪಾನವಾಯು ನಿಂತರೆ ಬೆಳಗಿನವರೆಗೆ ಕಾಯದೆ ಬರಬೇಕೆಂದು ಕೆಳಗೆ ಕನ್ನಡದಲ್ಲಿ ಬರೆದು, ಅವನೇ ರುಜು ಹಾಕಿಕೊಟ್ಟಿದ್ದಾನೆ. ಅಕ್ಕ ಅದನ್ನು ಪಡಿತರ ಚೀಟಿಯೊಡನೆ ಒಂದೇ ಚೀಲದಲ್ಲಿ ಕಟ್ಟಿ, ಕೈಗೆ ಸಿಗುವಂತೆ ಗೂಟಕ್ಕೆ ತೂಗುಹಾಕಿದ್ದಾಳೆ.